ಯೋಚನೆಗೆ ಎಷ್ಟು ಬೆಲ್ಲ

ನಮ್ಮೂರಲ್ಲಿ ಯಾರ ಮನೆಗೆ ಹೋದರೂ ಮೊದಲು ಕಣ್ಣು ಹೋಗುವುದು ಮಂಚದ ಕಡೆಗೆ. ಮಂಚದ ಹಗ್ಗ ಯಾವ ಮಗ್ಗುಲಲ್ಲಿ ಜಗ್ಗಿದೆಯೋ ಆ ಮಗ್ಗುಲಲ್ಲಿ ಮಲಗುವವರೇ ಆ ಮನೆಯಲ್ಲಿ ಹೆಚ್ಚು ಯೋಚನೆ ಮಾಡುವವರು. ನಮ್ಮ ಮಂಚ ನಮ್ಮವರ ಮಗ್ಗುಲಲ್ಲಿ ಜಗ್ಗಿ ಜಗ್ಗಿ ನೆಲ ಮುಟ್ಟಲು ನಾಲ್ಕೇ ಬೆರಳು ಬಾಕಿ ಇತ್ತು. ಮದುವೆಯಾಗಿ ಇಪ್ಪತ್ತೆರಡು ವರ್ಷ ನಾನು ನನ್ನ ಮಗ್ಗುಲಲ್ಲಿ ಮಲಗಿ, ಅವರ ಕಡೆಗೆ ಉರುಳಿಹೋಗಿ, ಅವರ ಬೆನ್ನಿಗೆ ಒತ್ತಿಕೊಂಡೇ ಬೆಳಿಗ್ಗೆ ಎದ್ದಿದ್ದೇನೆ. ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ, ಹೇಳದಿದ್ದರೆ ನಿಮಗೆ ಗೊತ್ತಾಗುವುದಿಲ್ಲ. ಕೆಂಚಣ್ಣ. ಕಸುಬು ಹಗ್ಗ ಹೊಸೆಯುವುದು. ಊರಿನ ಮಂಚಗಳಿಗೆಲ್ಲ ಹಗ್ಗ ಬಿಗಿಯುವವರು ಅವರೇ, ಆದರೆ ಸ್ವಂತ ಮಂಚಕ್ಕೆ ಎಷ್ಟು ಸಲ ಬಿಗಿದರೂ ಒಂದು ವಾರ ನಿಲ್ಲುತ್ತಿರಲಿಲ್ಲ.

ನನಗೆ ಆ ರೋಗ ಇಲ್ಲ. ಮನಸ್ಸಿಗೆ ಬಂದದ್ದನ್ನು ಬಂದ ಹಾಗೇ ಆಡಿಬಿಡುವವಳು ನಾನು. ಬೆಳಿಗ್ಗೆ ಒಲೆ ಹಚ್ಚುವಾಗ ಶುರು ಮಾಡಿದರೆ ಪಕ್ಕದ ಮನೆಯವಳ ಸೊಕ್ಕು, ಹಪ್ಪಳಕ್ಕೆ ಬಿಸಿಲು ಸಾಲದ್ದು, ನನ್ನ ತಮ್ಮ ಕಾಗದ ಬರೆಯದ್ದು, ಸೊಂಟ ನೋವು, ಸತ್ತ ಮೇಲೆ ಏನಾಗುತ್ತದೋ ಎಂಬುದು, ಎಲ್ಲ ಮುಗಿಯುವ ಹೊತ್ತಿಗೆ ಮಧ್ಯಾಹ್ನದ ಅನ್ನ ಆಗಿರುತ್ತದೆ. ಅವರು ಜಗಲಿಯಲ್ಲಿ ಹಗ್ಗ ಹೊಸೆಯುತ್ತಾ "ಹೂಂ" ಅನ್ನುತ್ತಿದ್ದರು. ಅಷ್ಟೇ. ನಾನು ಕೆಸರಿನಲ್ಲಿ ನಡೆದರೆ ಹೆಜ್ಜೆ ಸರಿಯಾಗಿ ಮೂಡುತ್ತಿರಲಿಲ್ಲ. ಅವರು ಇಟ್ಟ ಹೆಜ್ಜೆಯಲ್ಲಿ ನೀರು ನಿಂತು ಕಪ್ಪೆಗಳು ಸಂಸಾರ ಹೂಡುತ್ತಿದ್ದವು. "ಸಾವಂತ್ರಮ್ಮ ಅಂದ್ರೆ ಹತ್ತಿ ಕಣ್ರಮ್ಮ" ಅಂತ ಊರವರು ಅಂದರೆ ನನಗೆ ಬಲು ಹೆಮ್ಮೆ. ಅವರು ನನ್ನನ್ನು ಹೊಗಳುತ್ತಿದ್ದರೋ ಬೈಯುತ್ತಿದ್ದರೋ ಅಂತ ನಾನು ಯೋಚಿಸಲಿಲ್ಲ. ಯೋಚಿಸುವವಳಲ್ಲ ಅಂತ ಹೇಳಿದೆನಲ್ಲ.

ಯೋಚನೆಯ ಈ ಭಾರಕ್ಕೆಲ್ಲ ಊರು ಹೊಂದಿಕೊಂಡೇ ಇದೆ. ಶಾಲೆಯಲ್ಲಿ ಪದ್ಯ ಹೇಳಿಕೊಡುವಾಗ ಮಕ್ಕಳು ಬೆಂಚಿನ ಮೇಲೆ, ಲೆಕ್ಕ ಬಂತು ಅಂದರೆ ನೆಲದ ಮೇಲೆ. ಗಾಡಿಯವರು ಮಗಳಿಗೆ ಗಂಡು ಹುಡುಕುತ್ತಿರುವ ಅಪ್ಪಂದಿರನ್ನು ಹತ್ತಿಸಿಕೊಳ್ಳುವುದಿಲ್ಲ, ಎತ್ತುಗಳು ಪಾಪ. ಹೆಣ ಹೊರುವುದಕ್ಕೆ ಇಬ್ಬರೇ ಸಾಕು.

ಹೋದ ವರ್ಷ ನಮ್ಮವರಿಗೆ ಜ್ವರ ಬಂತು. ಏಳು ದಿನ ಕಷಾಯ ಕುಡಿಸಿದೆ, ಬೈದೆ, ಹಣೆಗೆ ಬಟ್ಟೆ ಹಾಕಿದೆ. ಎಂಟನೆಯ ದಿನ ಬೆಳಿಗ್ಗೆ ಗಂಜಿ ಹಿಡಿದುಕೊಂಡು ಒಳಗೆ ಬಂದರೆ ಮಂಚ ನೆಟ್ಟಗಿತ್ತು. ಅವರು ಅದರ ಮೇಲೆ ಮಲಗೇ ಇದ್ದರು, ಹಗ್ಗ ಮಾತ್ರ ಈಗ ತಾನೇ ಬಿಗಿದಷ್ಟು ಸಪಾಟು. ಗಂಜಿಯ ಬಟ್ಟಲು ಕೆಳಗಿಟ್ಟೆ. ಅಲ್ಲೇ ಕೂತು, ಊರೆಲ್ಲ ಕೇಳುವ ಹಾಗೆ ತೂಕದಮ್ಮನಿಗೆ ಹರಕೆ ಹೊತ್ತೆ. "ತಾಯೀ, ಇವರನ್ನ ಬಿಡು. ಇವರ ತೂಕದಷ್ಟು ಬೆಲ್ಲ ಕೊಡ್ತೀನಿ. ಅಚ್ಚುಬೆಲ್ಲ ಸಾಲದಾ? ಉಂಡೆಬೆಲ್ಲ ಕೊಡ್ತೀನಿ. ನಾನೇ ಹೋಗಿ ಆರಿಸಿ ತರ್ತೀನಿ." ಸ್ವಲ್ಪ ಹೊತ್ತಿಗೆ ಹಗ್ಗ ಕಿರ್ ಅಂದಿತು. ನೋಡುತ್ತಾ ನೋಡುತ್ತಾ ಅವರ ಮಗ್ಗುಲು ಒಂದು ಬೆರಳು ಜಗ್ಗಿತು. ಆ ಸದ್ದಿನಷ್ಟು ಇಂಪಾದದ್ದನ್ನು ನಾನು ಈವರೆಗೆ ಕೇಳಿಲ್ಲ.

ಹರಕೆ ಹೊತ್ತದ್ದು ಸುಲಭ. ತೂಕದಮ್ಮನ ಗುಡಿಯ ಪದ್ಧತಿ ಮಾತ್ರ ಕಟ್ಟುನಿಟ್ಟು. ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ಮನುಷ್ಯ, ಇನ್ನೊಂದರಲ್ಲಿ ಬೆಲ್ಲ. ಎರಡೂ ಸಮ ಆದಾಗ ಕೂತವನು ಎಚ್ಚರದಲ್ಲಿದ್ದು ತನ್ನ ಬಾಯಿಂದಲೇ "ಒಪ್ಪಿಸಿದೆ ತಾಯೀ" ಅನ್ನಬೇಕು. ಅಲ್ಲಿಯವರೆಗೆ ಇಳಿಯುವ ಹಾಗಿಲ್ಲ. ಮೂರನೆಯ ದಿನ ಸಂಜೆ ದೀಪ ಹಚ್ಚುವುದರೊಳಗೆ ಸಮ ಆಗದಿದ್ದರೆ ಅವನು ಗುಡಿಯ ಪಾಲು, ಮನೆಗೆ ತಿರುಗಿ ಬರುವಂತಿಲ್ಲ. ಹೀಗೆ ಗುಡಿಯ ಪಾಲಾದವನು ಗಂಟೆ ಹೊಡೆಯುವ ಕಾಳಪ್ಪ. ಹದಿನೇಳು ವರ್ಷದ ಹಿಂದೆ ತಟ್ಟೆಯಲ್ಲಿ ಕೂತಾಗ, ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಯೋಚನೆ ಅವನ ತಲೆಗೆ ಹೊಕ್ಕಿತು. ಮೂರು ದಿನವೂ ಅದು ಇಳಿಯಲಿಲ್ಲ. ಬೀಗ ಹಾಕಿದ್ದನಂತೆ.

ಹಾಗಾಗಿ ಜನ ತಯಾರಿ ಮಾಡಿಕೊಂಡೇ ಹೋಗುತ್ತಾರೆ. ಕೆಲವರು ದೇವಿಯ ಮೂಗುತಿಯನ್ನೇ ನೋಡುತ್ತಾರೆ, ಕೆಲವರು ಒಂದರಿಂದ ಹತ್ತರವರೆಗೆ ಎಣಿಸಿ ಮತ್ತೆ ಒಂದಕ್ಕೆ ಬರುತ್ತಾರೆ. ನಮ್ಮವರಿಗೆ ನಾನು ಸ್ನಾನ ಮಾಡಿಸಿ, ಹೊಸ ಪಂಚೆ ಉಡಿಸಿ, ಬಾಯಿಗೆ ಎಲೆಯಡಿಕೆ ಕೊಟ್ಟು, "ಮೂಗುತಿ ನೋಡ್ರೀ, ಬೇರೆ ಏನೂ ನೋಡ್ಬೇಡಿ" ಅಂತ ಹೇಳಿ ಕೂರಿಸಿದೆ. ಅವರು ಮೂಗುತಿ ನೋಡಿದರು. ಪೂಜಾರಿ ಸಣ್ಣೀರಪ್ಪ ಬೆಲ್ಲದ ಮೊದಲ ಮೂಟೆ ಬಿಚ್ಚಿದ. ನಮ್ಮವರ ಕಣ್ಣು ಬೆಲ್ಲದ ಕಡೆ ಹೊರಳಿತು. ಹೊರಳಿದ್ದೇ ತಡ, ಅವರ ತಟ್ಟೆ ದಡ್ ಅಂತ ನೆಲಕ್ಕೆ ಕೂತಿತು.

ಒಂದು ವಿಷಯ ಒಪ್ಪಿಕೊಳ್ಳಬೇಕು. ನನಗೆ ಬೆಲ್ಲ ಆರಿಸಲು ಬರುವುದಿಲ್ಲ. ಸಂತೆಯಲ್ಲಿ ಉಳಿದದ್ದೆಲ್ಲ ಕೊಳ್ಳುವವಳು ನಾನು, ಬೆಲ್ಲ ಮಾತ್ರ ಅವರು. ನಾನು ತಂದ ಬೆಲ್ಲದಲ್ಲಿ ಮರಳು ಇದ್ದೇ ಇರುತ್ತದೆ. ಹರಕೆಯ ಬೆಲ್ಲವನ್ನು ನಾನೇ ತರಬೇಕಾಗಿತ್ತು, ತಂದಿದ್ದೆ. ಅದು ಕಪ್ಪಗಿತ್ತು.

ಎರಡು ಮೂಟೆ ಹಾಕಿದರೂ ಅವರ ತಟ್ಟೆ ಅಲ್ಲಾಡಲಿಲ್ಲ. ಮೂರನೆಯದು ತಂದರು. ಅಷ್ಟು ಬೆಲ್ಲ ನೋಡಿ ಅವರಿಗೆ ಇರುವೆಯ ಯೋಚನೆ ಬಂತು. ನಾಲ್ಕನೆಯದು ಬಂದಾಗ ತಕ್ಕಡಿಯ ಹಗ್ಗದ ಯೋಚನೆ. ಅದನ್ನು ಹೊಸೆದವರು ಅವರೇ, ಎಷ್ಟು ತಡೆಯುತ್ತದೆಂದು ಅವರಿಗೆ ಗೊತ್ತು. ಐದನೆಯದಕ್ಕೆ ಊರಿನ ಬೆಲ್ಲ ಮುಗಿಯಿತು, ಇನ್ನು ಹಬ್ಬಕ್ಕೆ ಊರವರು ಏನು ಮಾಡುತ್ತಾರೆ ಎಂಬ ಯೋಚನೆ ಶುರುವಾಯಿತು. ಬೆಲ್ಲ ಹಾಕಿದಷ್ಟೂ ಯೋಚನೆ, ಯೋಚಿಸಿದಷ್ಟೂ ಬೆಲ್ಲ. "ಯೋಚ್ನೆ ಮಾಡ್ಬೇಡಿ ಅಂದ್ರೆ ಗೊತ್ತಾಗಲ್ವೇನ್ರೀ?" ಅಂತ ಕೂಗಿದೆ. ಯಾಕೆ ಕೂಗುತ್ತಿದ್ದಾಳೆ ಅಂತ ಯೋಚಿಸಿದರು, ತಟ್ಟೆಯ ಕೆಳಗಿನ ಮಣ್ಣು ಕುಸಿಯಿತು.

ಸುದ್ದಿ ಎರಡು ಮಠಕ್ಕೂ ಮುಟ್ಟಿತು. ನಮ್ಮೂರ ಗುಡ್ಡದ ಬುಡದಲ್ಲಿ ಒಂದು ಮಠ, ತುದಿಯಲ್ಲಿ ಇನ್ನೊಂದು. ಬುಡದ ಮಠದವರ ಪ್ರಕಾರ ಯೋಚನೆಯೂ ಬೆವರು, ಉಗುಳುಗಳ ಹಾಗೆ ಜಡವಸ್ತು. ತುದಿಯ ಮಠದವರ ಪ್ರಕಾರ ಅದು ಆತ್ಮದ ಬೆಳಕು. ಈ ಜಗಳ ನಮ್ಮ ಅಜ್ಜಿಯ ಕಾಲದಿಂದಲೂ ಇದೆ, ಆದರೆ ಇಷ್ಟು ದಿನ ತಕ್ಕಡಿಯಲ್ಲಿ ಕೂತ ಮನುಷ್ಯ ಕೈಗೆ ಸಿಕ್ಕಿರಲಿಲ್ಲ. ಬುಡದಿಂದ ತಿಮ್ಮಾಭಟ್ಟರು ಬಂದರು. ತುದಿಯಿಂದ ನಿರ್ವಾಣಯ್ಯನವರು ಇಳಿದು ಬಂದರು. ಪೂಜಾರಿ ಇಬ್ಬರಿಗೂ ಒಂದೊಂದು ಮಣೆ ಹಾಕಿದ.

"ಬೆಳಕನ್ನು ತಕ್ಕಡಿಯಲ್ಲಿಟ್ಟು ತೂಗಿದವರುಂಟೇ?" ಅಂದರು ನಿರ್ವಾಣಯ್ಯನವರು. "ಇಲ್ಲಿ ತೂಗುತ್ತಿರುವುದು ಯೋಚನೆಯಲ್ಲ, ಯೋಚನೆಗೆ ಅಂಟಿದ ಕೊಳೆ. ಕೊಳೆಯನ್ನು ದೇವಿಗೆ ಒಪ್ಪಿಸಬಾರದು. ದೇಹದ ತೂಕಕ್ಕೆ ಎರಡು ಮೂಟೆ ಸಾಕು, ಸಮ ಆಯಿತೆಂದು ಸಾರಿಬಿಡಿ."

"ಸ್ನಾನ ಮಾಡಿಸಿಯೇ ಕೂರಿಸಿದ್ದೀನಿ ಸ್ವಾಮಿ" ಅಂದೆ ನಾನು.

"ಹರಕೆ ಹೊತ್ತದ್ದು ಕೆಂಚಣ್ಣನ ತೂಕಕ್ಕೆ" ಅಂದರು ಭಟ್ಟರು. "ಆ ಕೊಳೆ ಕಳೆದರೆ ಕೆಂಚಣ್ಣನಲ್ಲಿ ಉಳಿಯುವುದಾದರೂ ಏನು? ತೂಗುವುದೆಲ್ಲ ವಸ್ತು. ಪಕ್ಕದೂರಿಂದ ಬೆಲ್ಲ ತರಿಸಿ."

ಸಣ್ಣೀರಪ್ಪ ತಲೆ ಕೆರೆದುಕೊಂಡ. "ಸಮ ಇಲ್ದಿದ್ದನ್ನ ಸಮ ಅಂದ್ರೆ ಹೆಂಗೆ ಬುದ್ಧೀ? ತಾಯಿಗೆ ಕಣ್ಣಿಲ್ವಾ? ಎದುರಿಗೇ ಕೂತವ್ಳೆ."

ಮಾತಿಗೆ ಮಾತು ಬೆಳೆಯಿತು. ಮನುಷ್ಯ ಮನಸ್ಸು ಮಾಡಿದರೆ ಯೋಚನೆಯನ್ನೇ ನಿಲ್ಲಿಸಬಹುದೆಂದು ನಿರ್ವಾಣಯ್ಯನವರು ತೋರಿಸಿಕೊಡಲು ಹೊರಟರು. ಗುಡಿಯ ಮೂಲೆಯಲ್ಲಿ ಕೂಸುಗಳನ್ನು ತೂಗುವ ಚಿಕ್ಕ ತಕ್ಕಡಿ ಇದೆ. ಅದರಲ್ಲಿ ಕಾಲು ಮಡಿಸಿ ಕೂತು ಕಣ್ಣು ಮುಚ್ಚಿದರು. ಎದುರಿನ ತಟ್ಟೆಗೆ ಪೂಜಾರಿ ನಾಲ್ಕು ತೆಂಗಿನಕಾಯಿ ಇಟ್ಟ. ತಟ್ಟೆ ಮೇಲಕ್ಕೆ ಹೋಯಿತು, ಇನ್ನೂ ಹೋಯಿತು. ಅಷ್ಟು ದೊಡ್ಡ ಮನುಷ್ಯ ನಾಲ್ಕು ತೆಂಗಿನಕಾಯಿಗೆ ಸಮ! ಜನ ಬಾಯಿ ಬಿಟ್ಟುಕೊಂಡು ನೋಡಿದರು. "ಅಬ್ಬಬ್ಬಾ, ಎಂಥಾ ಮಹಾತ್ಮರು!" ಅಂತ ಯಾರೋ ಅಂದರು. ಮಹಾತ್ಮರ ಮೀಸೆಯ ತುದಿ ಒಂದಿಷ್ಟು ಅಲ್ಲಾಡಿತು, ತಟ್ಟೆ ಕೆಳಕ್ಕೆ ಬಂದು ಅಪ್ಪಳಿಸಿತು. ತೆಂಗಿನಕಾಯಿಗಳು ಹಾರಿದವು, ಒಂದು ಕಾಳಪ್ಪನ ಗಂಟೆಗೆ ತಗುಲಿತು.

ಭಟ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ರೇಗಿತು. ಗಂಡ ತಟ್ಟೆಯಲ್ಲಿ ಕೂತಿರುವಾಗ ಇವರಿಗೆ ನಗು. "ಭಟ್ಟರೇ, ಯೋಚ್ನೆ ಅಂದ್ರೆ ಬೆವರು ಅಂತೀರಲ್ಲ, ಹಾಗಾದ್ರೆ ನಿಮ್ಮ ಶಾಸ್ತ್ರವೂ ಬೆವರೇನಾ?" ಅಂತ ಕೇಳಿಬಿಟ್ಟೆ. ನಾನು ಕೇಳಿ ಮರೆತೆ. ಅವರು ಮರೆಯಲಿಲ್ಲ. ನಗು ನಿಂತಿತು, ಹುಬ್ಬು ಗಂಟಾಯಿತು, ಸ್ವಲ್ಪ ಹೊತ್ತಿಗೆ ಅವರು ಕೂತ ಮಣೆ ಎರಡು ಹೋಳಾಯಿತು.

ಎರಡನೆಯ ದಿನವೂ ಹೀಗೇ ಕಳೆಯಿತು. ಊಟ ತಟ್ಟೆಯಲ್ಲೇ, ನಾನೇ ತುತ್ತು ಕೊಟ್ಟೆ. ಉಂಡದ್ದಕ್ಕೆ ಸಮನಾಗಿ ಬೆಲ್ಲ ಸೇರಿಸಬೇಕೆಂದು ಭಟ್ಟರು ವಾದಿಸಿದರು. ಉಳಿದ ದೇಹಬಾಧೆಗಳಿಗೆ ಸಣ್ಣೀರಪ್ಪ ಏನು ಏರ್ಪಾಡು ಮಾಡಿದ್ದನೋ ಅದನ್ನು ನಾನು ಹೇಳುವುದಿಲ್ಲ. ರಾತ್ರಿಯೆಲ್ಲ ಕಣ್ಣು ಮುಚ್ಚದಿದ್ದ ನಮ್ಮವರಿಗೆ ಮಧ್ಯಾಹ್ನ ಜೊಂಪು ಹತ್ತಿತು. ಕಣ್ಣು ಮುಚ್ಚಿದ್ದೇ ತಡ, ಎರಡು ದಿನ ಅಲ್ಲಾಡದ ತಟ್ಟೆ ಮೆಲ್ಲಗೆ ನೆಲ ಬಿಟ್ಟಿತು. ತಕ್ಕಡಿಯ ಮುಳ್ಳು ನಡುಮಧ್ಯಕ್ಕೆ ಬಂದು ನಿಂತಿತು. ಸಮ! ಆದರೆ ಎಚ್ಚರದಲ್ಲಿದ್ದು ಹೇಳಬೇಕಲ್ಲ? ಪೂಜಾರಿ ಅವರ ಕಿವಿಯ ಹತ್ತಿರ ಹೋಗಿ, ಹೂವು ಮುಟ್ಟುವ ಹಾಗೆ ಭುಜ ಮುಟ್ಟಿ, "ಕೆಂಚಣ್ಣೋ, ಒಪ್ಸಿದೆ ಅನ್ನಪ್ಪಾ" ಅಂದ. ಅವರು ಕಣ್ಣು ಬಿಟ್ಟರು. "ಏನಾಯ್ತು?" ಅಂದರು. ದಡ್!

ಇಬ್ಬರು ವಿದ್ವಾಂಸರಿಗೂ ಆನಂದವೋ ಆನಂದ. ನಿದ್ದೆಯಲ್ಲಿ ಆತ್ಮ ಹೊರಗೆ ಹೋಗಿತ್ತು ಅಂತ ಒಬ್ಬರು, ನಿದ್ದೆಯಲ್ಲಿ ಯೋಚನೆ ತುಪ್ಪದ ಹಾಗೆ ಹೆಪ್ಪುಗಟ್ಟುತ್ತದೆ ಅಂತ ಇನ್ನೊಬ್ಬರು. ಹೆಪ್ಪುಗಟ್ಟಿದ ತುಪ್ಪ ಹಗುರವೇ ಅಂತ ಮೊದಲಿನವರು. ಗುಡಿಯ ಎಣ್ಣೆ ಬಟ್ಟಲಲ್ಲಿ ತುಪ್ಪ ತರಿಸಿ ತೂಗಿದರು. ನಮ್ಮವರ ಕಡೆ ತಿರುಗಿ ನೋಡಿದವರು ಒಬ್ಬರೂ ಇಲ್ಲ.

ಮೂರನೆಯ ದಿನ ಹೊತ್ತು ಇಳಿಯುವಾಗ ಸಣ್ಣೀರಪ್ಪ ಬತ್ತಿ ಹೊಸೆಯಲು ಕೂತ. ನನ್ನ ಮುಖ ನೋಡದೆ ಹೊಸೆದ. ಕಾಳಪ್ಪ ನಮ್ಮವರ ತಟ್ಟೆಯ ಹತ್ತಿರ ಬಂದು, "ಎಡಗೈಲಿ ಹೊಡ್ಯೋದು ಕಲ್ತ್ಕೊ ಕೆಂಚಣ್ಣ, ಬಲಗೈ ಆದ್ರೆ ಮುಂದೆ ಭುಜ ಹಿಡ್ಕೊಳುತ್ತೆ" ಅಂತ ಹೇಳಿಕೊಡುತ್ತಿದ್ದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅದನ್ನು ಕೇಳಿ ನನಗೆ ಭಯವಾಯಿತು. ಜ್ವರದ ದಿನ ಆದದ್ದಕ್ಕಿಂತ ಹೆಚ್ಚು ಭಯ. ಇವರು ಬದುಕಿಯೂ ಇರುತ್ತಾರೆ, ಗಂಟೆಯ ಸದ್ದು ದಿನವೂ ಮನೆಗೆ ಕೇಳುತ್ತದೆ, ಮಂಚ ಮಾತ್ರ ನೆಟ್ಟಗೆ. ನನ್ನ ಮಾತಿಗೆ ಹೂಂ ಅನ್ನುವವರು ಯಾರು?

ಎದ್ದು ತಟ್ಟೆಯ ಪಕ್ಕ ಹೋಗಿ ಕೂತೆ. ಬೈಯಲು ಬಾಯಿ ತೆರೆದೆ. ಅವರ ಮುಖ ನೋಡಿದೆ, ಮೂರು ದಿನದ ಗಡ್ಡ, ಕೆಂಪಾದ ಕಣ್ಣು. ಬಾಯಿ ಮುಚ್ಚಿದೆ. "ಇಷ್ಟು ಭಾರ ಬೆಲ್ಲದ ಯೋಚ್ನೆ ಅಲ್ಲ. ಇರುವೆದೂ ಅಲ್ಲ. ಏನದು?" ಅಂತ ಮೆಲ್ಲಗೆ ಕೇಳಿದೆ. ಕೇಳಿ ಸುಮ್ಮನಾದೆ. ಅವರು ಮಾತಾಡುತ್ತಾರೇನೋ ಅಂತ ಕಾದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಹಾಗೆ ಕಾದದ್ದು ಅದೇ ಮೊದಲು, ಅದು ಬಹಳ ಕಷ್ಟದ ಕೆಲಸ.

ಎಷ್ಟೋ ಹೊತ್ತಾದ ಮೇಲೆ, ನನಗೊಬ್ಬಳಿಗೇ ಕೇಳುವ ಹಾಗೆ ಅವರು ಅಂದರು, "ಆವತ್ತು ಜ್ವರ್ದಲ್ಲಿ ಹಗುರಾಗಿತ್ತು ಕಣೇ."

ತಟ್ಟೆ ಕಿರ್ ಅಂದಿತು.

"ಎಲ್ಲೂ ನೋವಿರ್ಲಿಲ್ಲ. ಏನೂ ಹೊತ್ಕೊಂಡಿರ್ಲಿಲ್ಲ. ಹಂಗೇ ಹೋಗ್ಬಿಡೋಣ ಅನ್ನಿಸ್ತು." ತಟ್ಟೆ ನೆಲ ಬಿಟ್ಟಿತು. "ಬಲು ಚೆನ್ನಾಗಿತ್ತು. ಹೊರಟೇಬಿಟ್ಟಿದ್ದೆ." ಇನ್ನೂ ಮೇಲೆ ಬಂತು. ಅವರ ಕಣ್ಣಲ್ಲಿ ನೀರು. "ನಿನ್ನ ನೆನಪೂ ಬರ್ಲಿಲ್ಲ ಕಣೇ, ಸಾವಂತ್ರಿ. ಒಂದ್ಸಲವೂ ಬರ್ಲಿಲ್ಲ. ನೀನು ಹಿಂಗೆ ಹರ್ಕೆ ಹೊತ್ಕೊಂಡು ಕೂತಿದ್ದೀಯ. ಇದನ್ನ ನಿಂಗೆ ಹೆಂಗೆ..."

"ಸಮ! ಸಮ!" ಅಂತ ಸಣ್ಣೀರಪ್ಪ ಬತ್ತಿಯ ತಟ್ಟೆ ಎತ್ತಿ ಎಸೆದು ಕಿರುಚಿದ. "ಅನ್ನೋ ಕೆಂಚಣ್ಣ, ಅನ್ನೋ!"

"ಒಪ್ಪಿಸಿದೆ ತಾಯೀ!" ಅಂದರು ನಮ್ಮವರು.

ಊರೆಲ್ಲ ಕೂಗಿತು, ಕಾಳಪ್ಪ ಎಡಗೈ ಬಲಗೈ ಎರಡರಲ್ಲೂ ಗಂಟೆ ಹೊಡೆದ. ಆ ಗದ್ದಲದಲ್ಲಿ ಇನ್ನೊಂದು ಸದ್ದು ಯಾರಿಗೂ ಕೇಳಲಿಲ್ಲ. ಎದ್ದು ನಿಲ್ಲಲು ಹೋದ ನನ್ನ ಕಾಲ ಕೆಳಗೆ ಗುಡಿಯ ಚಪ್ಪಡಿ ಬಿರುಕು ಬಿಟ್ಟಿತು. ಕಾಲು ಎತ್ತಲು ಹೋದರೆ ಏಳುತ್ತಿಲ್ಲ. ನೆನಪೂ ಬರಲಿಲ್ಲವಂತೆ! ಒಂದು ಸಲವೂ! ಆ ಮಾತು ನನ್ನೊಳಗೆ ಕೂತಿತ್ತು, ಹೊರಗೆ ಆಡೋಣವೆಂದರೆ ಬಾಯಿಗೆ ಬರುತ್ತಿರಲಿಲ್ಲ. ಇಷ್ಟು ವರ್ಷ ನಾನು ಆಡಿ ಹಗುರಾದದ್ದೆಲ್ಲ ಎಲ್ಲಿ ಹೋಗುತ್ತಿತ್ತು ಅಂತ ಆವತ್ತು ನನಗೆ ಗೊತ್ತಾಯಿತು. ಪಕ್ಕದ ಮನೆಯವಳ ಸೊಕ್ಕು, ತಮ್ಮನ ಕಾಗದ, ಸತ್ತ ಮೇಲಿನ ಭಯ, ಒಂದನ್ನೂ ಬಿಡದೆ ಹೂಂ ಹೂಂ ಅಂತ ಆ ಮನುಷ್ಯ ಒಳಗೆ ಇಟ್ಟುಕೊಂಡಿದ್ದರು. ಮಂಚ ಜಗ್ಗದೆ ಇನ್ನೇನಾಗುತ್ತದೆ?

ವಿದ್ವಾಂಸರಿಬ್ಬರೂ ನನ್ನನ್ನು ಸುತ್ತುವರಿದರು. "ತಾಯೀ, ಅವನು ಏನು ಹೇಳಿದ? ಜಡವಸ್ತು ಕರಗಿದ್ದೋ?" "ಆತ್ಮದ ಕೊಳೆ ತೊಳೆದದ್ದೋ? ಶಾಸ್ತ್ರದ ಪ್ರಶ್ನೆ, ಹೇಳಬೇಕು." ನಾನು ಹೇಳಲಿಲ್ಲ. ಸಾವಂತ್ರಮ್ಮ ಮಾತಾಡಲಿಲ್ಲ ಎಂಬುದೇ ಊರಿಗೆ ದೊಡ್ಡ ಸುದ್ದಿಯಾಯಿತು. ಅವರು ನನ್ನ ಬಿಟ್ಟು ಒಬ್ಬರ ಮೇಲೊಬ್ಬರು ಬಿದ್ದರು, ಇವತ್ತಿಗೂ ಆ ವಾದ ಮುಗಿದಿಲ್ಲ. ಕಾಳಪ್ಪನೊಬ್ಬ ನನ್ನ ಕಾಲು ನೋಡಿದ. ಹತ್ತಿರ ಬಂದು, "ನಿಧಾನ ಅಕ್ಕ, ಮೆಟ್ಲು ಹಳೇವು" ಅಂದ.

ಮನೆಗೆ ನಡೆದೆವು. ಅವರು ಹಗುರಾಗಿ ನನಗಿಂತ ಮುಂದೆ ಮುಂದೆ ಹೋಗುವುದು, ನಿಲ್ಲುವುದು, ಮತ್ತೆ ಮುಂದೆ ಹೋಗುವುದು. ನನ್ನ ಹೆಜ್ಜೆ ಒಂದೊಂದೂ ಗೇಣುದ್ದ ಇಳಿಯುತ್ತಿತ್ತು. ಕೆರೆಯ ಏರಿ ದಾಟುವವರೆಗೆ ತಡೆದುಕೊಂಡೆ. ಆಮೇಲೆ ಆಗಲಿಲ್ಲ. "ನೆನಪೂ ಬರ್ಲಿಲ್ಲ ಅಂದ್ರಲ್ಲ, ಮತ್ಯಾಕೆ ವಾಪಸ್ ಬಂದ್ರಿ?" ಅಂದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು.

ಅವರು ನಿಂತರು. "ನೀನು ತಾಯಿ ಹತ್ರ ಚೌಕಾಸಿ ಮಾಡ್ತಿದ್ದೆಯಲ್ಲ, ಎಲ್ಲೋ ದೂರದಲ್ಲಿ ಕೇಳಿಸ್ತು. ಬೆಲ್ಲ ನಾನೇ ಆರಿಸಿ ತರ್ತೀನಿ ಅಂದೆ ನೋಡು, ಅಯ್ಯೋ ಇವ್ಳು ಮರಳು ಬೆಲ್ಲ ತಂದ್ಬಿಡ್ತಾಳಲ್ಲಪ್ಪಾ ಅಂತ ಒಂದು ಯೋಚ್ನೆ ಬಂತು. ಅದರ ಭಾರಕ್ಕೇ ಕೆಳಗಿಳಿದ್ಬಿಟ್ಟೆ."

ನನಗೆ ಅಳು ಬಂತೋ ನಗು ಬಂತೋ ಹೇಳಲಾರೆ. ಏರಿಯ ಮೇಲೆ ಕೂತುಬಿಟ್ಟೆ, ಅಲ್ಲಿ ಈಗಲೂ ಒಂದು ತಗ್ಗು ಇದೆ.

ಈಗ ಮನೆಯಲ್ಲಿ ಅವರೂ ನಾಲ್ಕು ಮಾತಾಡುತ್ತಾರೆ. ಹಗ್ಗದ ನಾರು ಸರಿಯಿಲ್ಲ ಅಂತಲೋ, ಕಪ್ಪೆಗಳು ಎಲ್ಲಿ ಹೋದವು ಅಂತಲೋ. ನಾನು ಹಪ್ಪಳ ಲಟ್ಟಿಸುತ್ತಾ ಹೂಂ ಅನ್ನುತ್ತೇನೆ. ನಾನು ಮಾತು ಬಿಟ್ಟಿದ್ದೇನೆ ಅಂತಲ್ಲ, ನಾಯಿ ಬಾಲ ಡೊಂಕು. ಆದರೆ ಗುಡಿಯಲ್ಲಿ ಕೇಳಿದ್ದನ್ನು ಇವತ್ತಿನವರೆಗೆ ಯಾರ ಹತ್ತಿರವೂ ಆಡಿರಲಿಲ್ಲ. ಈಗ ನಿಮ್ಮ ಹತ್ತಿರ ಆಡಿದೆ, ಏಳುವಾಗ ಮೊಣಕಾಲು ಜೋಪಾನ. ಪೂರ್ತಿ ಆಡಿಲ್ಲ, ಸ್ವಲ್ಪ ಉಳಿಸಿಕೊಂಡಿದ್ದೇನೆ.

ಮೊನ್ನೆ ಮಧ್ಯಾಹ್ನ ಊಟವಾದ ಮೇಲೆ ಮಲಗಿದ್ದೆವು. ಮಂಚ ನನ್ನ ಮಗ್ಗುಲಿಗೆ ಜಗ್ಗಿದೆ, ಅವರು ಅವರ ಮಗ್ಗುಲಲ್ಲಿ ಮಲಗಿದವರು ಉರುಳಿಕೊಂಡು ಬಂದು ನನ್ನ ಬೆನ್ನಿಗೆ ತಾಗಿದರು. ನಿದ್ದೆಗಣ್ಣಲ್ಲೇ ಕೈ ಚಾಚಿ ಹಗ್ಗ ಮುಟ್ಟಿ ನೋಡಿದರು, ಕಸುಬಿನವರಲ್ಲವೇ.

"ಬಹಳ ಜಗ್ಗಿದೆ ಕಣೇ. ನಾಳೆ ಬಿಗಿದುಕೊಡ್ಲಾ?" ಅಂದರು.

"ಬೇಡ" ಅಂದೆ.